ಕುಂಕುಮದ ಡಬ್ಬಿಯೊಳಗಿನ ತಲಿನೋವಿನ ಗುಳಿಗಿ

ತಲಿನೋವಿನ ದವಾಖಾನಿ ಅಂದ್ರ ಅಲ್ಲಿ ಮಂದಿ ಹಣಿ ಹಿಡಕೊಂಡು ಕುಂತಿರ್ತಾರ, ನಗೋ ಮಾತು ಎಲ್ಲಿಂದ ಬರಬೇಕು ಅಂತ ನಮ್ಮ ಬಿಲ್ಡಿಂಗಿನ ಹೆಣ್ಮಕ್ಕಳು ನನ್ನ ಕೇಳ್ತಾರ. ಅವರಿಗೇನು ಗೊತ್ತು! ಹನ್ನೊಂದು ವರ್ಷ ಆತು ನಾ ಅಲ್ಲಿ ಕೆಲಸಕ್ಕ ಹತ್ತಿ, ನಗು ತರೂವಂಥಾದ್ದು ಏನೂ ಆಗದ ಒಂದು ವಾರ ಕಳದಿಲ್ಲ. ನಗು ಬಂದ್ರ ಪೇಶಂಟ್ ಮೆಟ್ಟಲ ಇಳಿಯೂತನಕ ತಡಕೋಬೇಕು, ಅದೊಂದ ತ್ರಾಸು.

ದವಾಖಾನಿ ಇರೋದು ಪುಣೇದ ಖರಾಡಿಯೊಳಗ, ಒಂದು ಔಷಧ ಅಂಗಡಿ ಮ್ಯಾಲಿನ ಎರಡು ಖೋಲಿ. ಒಂದು ಕಿಡಕಿಯಿಂದ ಐಟಿ ಪಾರ್ಕಿನ ಗಾಜು ಕಾಣ್ತದ, ಇನ್ನೊಂದರಿಂದ ಕಟ್ಟಾಕ ಹತ್ತಿದ ದೊಡ್ಡ ಬಿಲ್ಡಿಂಗು. ಎರಡೂ ಕಡೆಯಿಂದ ಪೇಶಂಟ್ ಬರ್ತಾರ. ನಮ್ಮ ಮೇಡಂ ಮನಃಶಾಸ್ತ್ರ ಕಲಿತವರು, ಮರಾಠಿಯವರು, ನನಗಿಂತ ಹತ್ತು ವರ್ಷ ಸಣ್ಣವರು. ಗುಳಿಗಿ ಕೊಡಂಗಿಲ್ಲ, ಸೂಜಿ ಚುಚ್ಚಂಗಿಲ್ಲ. ದೊಡ್ಡ ಡಾಕ್ಟರು ಎಲ್ಲಾ ತಪಾಸ ಮಾಡಿ, "ಒಳಗ ಏನೂ ಇಲ್ಲ, ಇದು ಬಿಗುವಿನ ತಲಿನೋವು" ಅಂತ ಬರದುಕೊಟ್ಟವರಷ್ಟ ನಮ್ಮಲ್ಲಿ ಬರ್ತಾರ. ತಲಿಗೆ ಯಾರೋ ರುಮಾಲು ಸುತ್ತಿ ಗಂಟು ಎಳದಂಗ ಆಗ್ತದಲ್ಲ, ಅದು. ಅಂಥವರಿಗೆ ಮೇಡಂ ಮೈ ಸಡಲ ಬಿಡೋದು, ಉಸರು ನಿಧಾನ ತಗೊಳ್ಳೋದು, ವ್ಯಾಳ್ಯಾಕ್ಕ ಉಣ್ಣೋದು, ಮಲಗೋದು, ತಲಿಯೊಳಗ ಗಿರಗಿರ ತಿರುಗೋ ವಿಚಾರಕ್ಕ ಲಗಾಮ ಹಾಕೋದು ಕಲಸ್ತಾರ.

ನನ್ನ ಕೆಲಸ ಫೋನ್ ಎತ್ತೋದು, ಫೈಲ್ ಹುಡುಕೋದು, ಮತ್ತ ನಮ್ಮ ಕಡೆ ಮಂದಿ ಬಂದ್ರ ಮೇಡಂ ಮರಾಠಿ ಮಾತನ್ನ ಕನ್ನಡದಾಗ ಹೇಳೋದು. ಮೇಡಂ ದನಿ ಫ್ಯಾನ್ ಬಂದ್ ಮಾಡಿದ್ರ ಮಾತ್ರ ಕೇಳಸ್ತದ. ನನ್ನ ದನಿ ಹಂಗಲ್ಲ. ನಾನು ಮೂರನೇ ಅಂತಸ್ತಿನಿಂದ ಹಾಲಿನವನಿಗೆ ಅರ್ಧ ಲೀಟರ್ ಅಂದ್ರ ಎದುರಿನ ಬಿಲ್ಡಿಂಗಿಗೂ ಅರ್ಧ ಲೀಟರ್ ಹಾಕಿ ಹೋಗ್ತಾನ.

ಇಷ್ಟು ಹೇಳಿದ ಮ್ಯಾಲೆ ಒಂದು ಖರೇ ಮಾತು ಹೇಳಿಬಿಡ್ತೀನಿ. ನನಗೂ ಅದ ತಲಿನೋವು ಇತ್ತು. ದಿನಾ ಮಧ್ಯಾಹ್ನ ಮೂರಕ್ಕ ಹಾಜರು. ಪರ್ಸಿನ್ಯಾಗ ಕುಂಕುಮದ ಡಬ್ಬಿ ಒಂದು, ಅದರಾಗ ಕುಂಕುಮ ಇಲ್ಲ, ಗುಳಿಗಿ. ಮೇಡಂ ಆಕಡೆ ತಿರುಗಿದ ಕೂಡಲೆ ಒಂದು ಬಾಯಾಗ, ಮ್ಯಾಲೆ ಒಂದು ಗುಟುಕು ನೀರು. ಯಾವಾಗರೆ ಒಮ್ಮೆ ಅಲ್ಲ, ದಿನಾ. ಗುಳಿಗಿ ಭಾಳ ನುಂಗಿದ್ರ ಗುಳಿಗಿನ ತಲಿನೋವು ತರ್ತದ ಅಂತ ಪೇಶಂಟರಿಗೆ ದಿನಕ್ಕ ಹತ್ತು ಸಲ ಹೇಳೋ ಬಾಯಿ ಇದ!

ಪುಣೇದಾಗ ಬೋರ್ಡ್ ಬರಿಯೋ ಚಟ ಎಲ್ಲಾರಿಗೂ ಅದ ನೋಡ್ರಿ. ಗೇಟಿಗೊಂದು, ಲಿಫ್ಟಿಗೊಂದು, ಚಪ್ಪಲಿ ಸ್ಟ್ಯಾಂಡಿಗೊಂದು, ಓದಿದವರ ಮುಖಾ ಕೆಂಪಗಾಗಬೇಕು ಹಂಗ ಬರೀತಾರ. ನಾನೂ ಮೂವತ್ತು ವರ್ಷ ಈ ಊರ ನೀರು ಕುಡದಾಕಿ. ನನ್ನ ಖುರ್ಚಿ ಹಿಂದಿನ ಗ್ವಾಡಿಗೆ ನನ್ನ ಕೈಯಿಂದ ಕನ್ನಡದಾಗ ಬರದು ಹಚ್ಚೀನಿ: "ದಿನಾ ಗುಳಿಗಿ ನುಂಗೋರು ಮೊದಲ ಹೇಳಬೇಕು. ಮುಚ್ಚಿಟ್ರ ತಲಿ ನಿಮ್ಮದು, ನೋವೂ ನಿಮ್ಮದು." ಆ ಬೋರ್ಡಿನ ಕೆಳಗ ಕುಂತು ಮುಚ್ಚಿಟ್ಟು ನುಂಗಾಕಿ ನಾನು. ಮೇಡಂಗೆ ಗೊತ್ತಾದ್ರ ಕೆಲಸ ಹೋಗ್ತದ, ಕೆಲಸ ಉಳದ್ರೂ ಮಾನ ಉಳಿಯಂಗಿಲ್ಲ ಅಂತ ಡಬ್ಬಿ ದಿನಾ ಪರ್ಸಿನ ತಳಕ್ಕ ತುರಕ್ತಿದ್ದೆ.

೧. ಎರಡು ಕೈಬರಹದ ಡೈರಿ

ಮೇಡಂ ಎಲ್ಲಾರ ಕಡೆಯಿಂದ ಮೊದಲು ಡೈರಿ ಬರಸ್ತಾರ. ತಲಿ ಯಾವಾಗ ನೋಯಿತು, ಹತ್ತರಾಗ ಎಷ್ಟು ನೋಯಿತು, ಅದಕ್ಕೂ ಮೊದಲ ಏನಾಗಿತ್ತು, ಏನು ತಗೊಂಡ್ರಿ. ನಾಕು ಸಾಲು ಅಷ್ಟ.

ಸಾಸವಡದಾಗ ಅರಿವಿ ಅಂಗಡಿ ಇಟ್ಟ ಒಬ್ಬ ಸಾವಕಾರ್ರು ಬರ್ತಿದ್ರು, ಮೂಲ ನಮ್ಮ ಬಾಗಲಕೋಟಿ ಕಡೆಯವರು. ಹದಿನೈದು ದಿನ ಬಿಟ್ಟು ಡೈರಿ ತಂದ್ರು. ನೋಡಿದ್ರ ಪ್ರತಿ ಪುಟದಾಗೂ ಎರಡು ಕೈಬರಹ. ನೀಲಿ ಶಾಯಿ ಅವರದು, ಕೆಂಪು ಶಾಯಿ ಅವರ ಹೆಂಡತಿದು.

ನೀಲಿ ಶಾಯಿಯೊಳಗ: "ಸೋಮವಾರ. ನೋವು ಎಂಟು." ಅದರ ಮ್ಯಾಲೆ ಗೆರಿ ಎಳದು ಕೆಂಪು ಶಾಯಿಯೊಳಗ: "ಮೂರು. ರೊಟ್ಟಿ ಮ್ಯಾಲೆ ಎರಡು ಸಲ ಶೇಂಗಾ ಹಿಂಡಿ ಹಾಕಸ್ಕೊಂಡಾರ."

"ಬುಧವಾರ. ನೋವು ಒಂಬತ್ತು. ಮೊದಲ ಏನಾಗಿತ್ತು: ಮಾವನವರು ಬಂದಿದ್ರು." ಕೆಳಗ ಕೆಂಪು ಶಾಯಿ: "ನಮ್ಮಪ್ಪ ಬಂದು ಚಾ ಕುಡದು ಹತ್ತು ನಿಮಿಷಕ್ಕ ಹೋದ್ರು. ಇವರ ತಂಗಿ ಬಂದು ಎಂಟು ದಿನ ಆತು, ಆ ಎಂಟೂ ದಿನ ಸೊನ್ನಿ ಬರಕೊಂಡಾರ. ಮೇಡಂ ವಿಚಾರ ಮಾಡಬೇಕು."

ನಾನು ಇದನ್ನ ಮೇಡಂಗೆ ಮರಾಠಿಯೊಳಗ ಓದಿ ಹೇಳೂಮುಂದ ತುಟಿ ಕಚ್ಚಿ ಕಚ್ಚಿ ಹೇಳಿದೆ. ಸಾವಕಾರ್ರು ತಲಿ ತಗ್ಗಿಸಿ ಕುಂತಿದ್ರು. "ನೀವರೆ ಹೇಳ್ರಿ ಬಾಯಾರ, ನನ್ನ ತಲಿಯೊಳಗಿನ ನೋವು ಆಕಿಗೆ ಹ್ಯಾಂಗ ಗೊತ್ತಾಗಬೇಕು?" ಅಂದ್ರು. ಪಾಪ ಅನಿಸ್ತು. ಮೇಡಂ ಮಾತ್ರ ನಗಲಿಲ್ಲ. ಮುಂದಿನ ಸಲ ಹೆಂಡತಿನ್ನೂ ಕರಕೊಂಡು ಬರ್ರಿ, ಮನಿ ಮಂದಿ ಜೋಡಿ ಇದ್ರ ಛಲೋ ಆಗ್ತದ ಅಂದ್ರು.

ಮುಂದಿನ ಶನಿವಾರ ಆ ಬಾಯಾರು ಬಂದ್ರು. ಇಳಕಲ್ ಸೀರಿ, ಕೈಯಾಗ ಹೊಸಾ ಡೈರಿ. "ಇದು ಯಾರದ್ರಿ?" ಅಂದೆ. "ನಂದ್ರಿ. ಇವರ ಡೈರಿ ತಿದ್ದಿ ತಿದ್ದಿ ನನಗೂ ಸುರು ಆಗೇದ!"

೨. ಇಲ್ಲದ ಬುಟ್ಟಿ

ಡೈರಿ ಹ್ಯಾಂಗ ಬರೀಬೇಕು ಅನ್ನೋದು ಮಂದಿಗೆ ತಿಳಿಯಾಕ ಹತ್ತಿಲ್ಲ ಅಂತ ಮೇಡಂ ನನಗ ಒಂದು ಕೆಲಸ ಹೇಳಿದ್ರು. ನನ್ನ ಅವರು ಕಾಕೂ ಅಂತಾರ, ಮರಾಠಿಯೊಳಗ ಚಿಗವ್ವ ಅಂದಂಗ. "ಕಾಕೂ, ಒಂದು ಮಾದರಿ ಡೈರಿ ಕನ್ನಡದಾಗ ಬರೀರಿ. ಯಾರೋ ಒಬ್ಬ ಪೇಶಂಟ್ ಅಂತ ಮನಸಿನ್ಯಾಗ ಅನಕೊಂಡು ಬರೀರಿ."

ಅನಕೊಂಡು ಬರಿಯೋದು ನನಗ ಎಲ್ಲಿ ಬರಬೇಕು? ಎರಡು ದಿನ ಪೆನ್ನು ಕಚ್ಚಿದೆ. ಮೂರನೇ ದಿನ, ಹೋಗ್ಲಿ ಅತ್ಲಾಗ, ನಂದ ಬರದುಬಿಟ್ಟೆ. "ಮಧ್ಯಾಹ್ನ ಮೂರು. ನೋವು ಆರು. ಮೇಡಂ ಒಂದ ಫೈಲ್ ಮೂರು ಸಲ ಕೇಳಿದ್ರು. ಫೈಲ್ ಅವರ ಕೈಯಾಗ ಇತ್ತು. ಕುಂಕುಮದ ಡಬ್ಬಿಯಿಂದ ಒಂದು ಗುಳಿಗಿ ತಗೊಂಡೆ." ಹಿಂಗ ಒಂದು ವಾರದ್ದು. ಮೇಡಂಗೆ ಕನ್ನಡದ ಒಂದು ಅಕ್ಷರ ಓದಾಕ ಬರಂಗಿಲ್ಲ. ಅವರು ಪುಟ ತಿರುವಿ, "ವಾ ಕಾಕೂ, ಎಷ್ಟು ಚಂದ ಅಕ್ಷರ!" ಅಂದು ಪ್ಲಾಸ್ಟಿಕ್ ಹಾಕಿಸಿ ಹೊರಗಿನ ಖೋಲಿ ಗ್ವಾಡಿಗೆ ತೂಗು ಹಾಕಿಸಿದ್ರು. ನನ್ನ ಗುಟ್ಟು ಬೋರ್ಡಿನ ಪಕ್ಕದಾಗ ಬಂದು ಕುಂತಿತು. ಕನ್ನಡದವರು ಓದಿ, "ಪಾಪ, ಯಾರೋ ಏನೋ" ಅಂತಿದ್ರು, ನಾನೂ "ಹೌದ್ರಿ, ಪಾಪ" ಅಂತಿದ್ದೆ.

ಶನಿವಾರ ಮಧ್ಯಾಹ್ನ ಎದುರಿನ ಸೈಟಿನ ಕೆಲಸದ ಮಂದಿ ಬರ್ತಿದ್ರು. ಅವರಾಗ ಯಾದಗಿರಿ ಕಡೆ ಹೆಣ್ಮಗಳು ಒಬ್ಬಾಕಿ, ತಲಿ ಮ್ಯಾಲೆ ಕಾಂಕ್ರೀಟಿನ ಬುಟ್ಟಿ ಹೊರಾಕಿ. ಆಕಿಗೆ ಕುತಿಗಿಯಿಂದ ಹಣಿತನಕ ಬಿಗಿತಿತ್ತು. ಡಾಕ್ಟರು ನೋಡಿ ಎಲುವು ನರ ಎಲ್ಲಾ ಛಲೋ ಅವ, ಬಿಗುವು ಇಳಿಸೋದು ಕಲೀಲಿ ಅಂದಿದ್ರು.

ಮೇಡಂ ಮೆತ್ತಗ ಹೇಳಿದ್ರು, ನಾನು ಕನ್ನಡ ಮಾಡಿದೆ. ಅವರು ಹೇಳಿದ್ದು ಸಾವಕಾಶ ಕಣ್ಣು ಮುಚ್ಚಿ, ಮುಷ್ಟಿ ಬಿಗಿದು, ಆಮ್ಯಾಲೆ ಹಗೂರಕ ಬಿಡ್ರಿ ಅಂತ. ನನ್ನ ಬಾಯಾಗ ಅದು, "ಏಯ್, ಕಣ್ಣ ಮುಚ್ಚರಿ! ಮುಷ್ಟಿ ಬಿಗೀರಿ! ಬಿಡ್ರಿ ಅಂದ್ರ ಬಿಡಬೇಕು!" ಅಂತ ಬಂತು. ಹೊರಗ ಕುಂತ ಕೊರಿಯರಿನವನೂ ಕೈಯಾಗಿನ ಪಾಕೀಟು ಬಿಟ್ಟ.

"ಹೆಗಲು ಕೆಳಗ ಬಿಡ್ರಿ!" ಅಂದೆ. ಆ ಹೆಣ್ಮಗಳು ಬಿಡಲಿಲ್ಲ. ಮತ್ತ ಅಂದೆ. ಊಹೂಂ.

"ಯಾಕವಾ ತಂಗಿ?"

"ಬುಟ್ಟಿ ಬೀಳ್ತದ್ರಿ ಅಕ್ಕಾರ."

"ಬುಟ್ಟಿ ಎಲ್ಲದ? ಖುರ್ಚಿ ಮ್ಯಾಲೆ ಕುಂತಿ!"

"ಇಲ್ಲ ಖರೇ. ಆದ್ರ ಕುತಿಗಿಗಿ ಅದು ಗೊತ್ತಿಲ್ಲಲ್ರಿ."

ನಾನು ಇದನ್ನ ಮರಾಠಿಯೊಳಗ ಹೇಳಿದ ಕೂಡಲೆ ಮೇಡಂ ಪೆನ್ನು ತಗೊಂಡು ಬರಕೊಂಡ್ರು. ನಾ ಇಷ್ಟು ವರ್ಷ ಓದಿ ತಿಳಕೊಂಡಿದ್ದನ್ನ ಈಕಿ ಒಂದ ಮಾತಿನ್ಯಾಗ ಹೇಳಿದಳು ಅಂದ್ರು. ಹಂಗಾದ್ರ ಮೊದಲು ಆ ಬುಟ್ಟಿ ಇಳಿಸು, ಮನಸಿನ್ಯಾಗ ಒಂದು ಕಡೆ ಇಡು ಅಂತ ಹೇಳ್ರಿ ಅಂದ್ರು. ನಾನು ಒದರಿದೆ, "ಬುಟ್ಟಿ ಇಳಸವಾ! ಅಲ್ಲಿ ಬಾಜೂಕ ಇಡು!"

ಆಕಿ ಒಂದು ಕಣ್ಣು ತಗದು ನನ್ನ ನೋಡಿದಳು. "ಅಕ್ಕಾರ, ಇಳಸ್ತೀನಿ. ಆದ್ರ ನೀವು ಸೊಲ್ಪ ಹೊರಗ ಹೋಗ್ರಿ. ನಿಮ್ಮ ದನಿ ಕೇಳಿದ್ರ ನಮ್ಮ ಸೈಟಿನ ಮುಕಾದಮ ಬಂದಂಗ ಆಗ್ಲಾಕತ್ತದ!"

೩. ಪೀಂ ಅನ್ನೋ ಮಶೀನು

ನಮ್ಮಲ್ಲಿ ಒಂದು ಮಶೀನ್ ಅದ. ಹಣಿಗೆ ಮೂರು ಪಟ್ಟಿ ಅಂಟಸ್ತಾರ. ಹಣಿ ಸ್ನಾಯು ಬಿಗಿ ಇದ್ರ ಪೀಂ ಅಂತ ಒದರ್ತದ, ಸಡಲ ಆದಂಗ ದನಿ ಇಳೀತದ. ತಾನು ಯಾವಾಗ ಬಿಗೀತೀನಿ ಅನ್ನೋದು ಮನುಷ್ಯಾಗ ಗೊತ್ತೇ ಇರಂಗಿಲ್ಲ, ಅದನ್ನ ಕಿವಿಗೆ ಕೇಳಿಸಿ ಕಲಸೋದು.

ಬೆಂಗಳೂರಿನ ಒಬ್ಬ ಐಟಿಯವ ಶನಿವಾರಕ್ಕ ಬರ್ತಿದ್ದ. ಮೂವತ್ತೈದರ ವಯಸ್ಸು, ಮಾತು ಭಾಳ ನಾಜೂಕು. ಪಟ್ಟಿ ಅಂಟಿಸಿದ ಕೂಡಲೆ ಕೇಳಿದ, "ಆಂಟಿ, ಇದರಲ್ಲಿ ಹೈಯೆಸ್ಟ್ ಸ್ಕೋರ್ ಯಾರ್ದಿದೆ?"

"ಇದು ಆಟ ಅಲ್ಲಪ್ಪಾ, ಸುಮ್ಮ ಸಡಲ ಆಗು."

"ಅಲ್ಲ, ಟಾರ್ಗೆಟ್ ಗೊತ್ತಿದ್ರೆ ಬೇಗ ರಿಲ್ಯಾಕ್ಸ್ ಆಗ್ಬೋದಲ್ವಾ?" ಅಂದು ಹಲ್ಲು ಕಚ್ಚಿ, ಹುಬ್ಬು ಗಂಟು ಹಾಕಿ ರಿಲ್ಯಾಕ್ಸ್ ಆಗಾಕ ಹತ್ತಿದ. ಮಶೀನ್ ಬಾಯಿ ಬಾಯಿ ಬಡಕೊಂಡಿತು. ನಾಕು ವಾರಕ್ಕ ಅಂತೂ ಅವನ ಹಟ ಇಳೀತು. ಒಂದು ದಿನ ಮಶೀನ್ ಪೂರ್ತಿ ಸುಮ್ಮನಾತು. ಮೇಡಂ ಖುಷಿಯಿಂದ ಒಳಗಿನ ಖೋಲಿಗೆ ಹೋದ್ರು. ನಾನು, ಪಾಪ ಹುಡುಗ ಛಲೋ ಮಾಡ್ಯಾನ ಅಂತ, "ಚಾ ಕುಡೀತೀಯೇನಪಾ?" ಅಂದೆ. ಪೀಂ! ನಾ ಬಾಯಿ ಮುಚ್ಚಿದೆ, ಅದೂ ಮುಚ್ಚಿತು. "ಯಾಕ?" ಅಂದೆ. ಪೀಂ!

ಅವನಿಗೆ ನಗು ಬಂದು, "ಆಂಟಿ, ನೀವೇ ಒಂದ್ಸಲ ಹಾಕ್ಕೊಳ್ಳಿ" ಅಂತ ಪಟ್ಟಿ ತಗದು ನನ್ನ ಹಣಿಗೆ ಹಚ್ಚೇಬಿಟ್ಟ. ಬ್ಯಾಡ ಅನ್ನೂದರೊಳಗ ಹಚ್ಚಿದ. ಅಯ್ಯಯ್ಯ! ಆ ಮಶೀನ್ ಹಂಗ ಒದರಿದ್ದು ನಾ ಯಾವತ್ತೂ ಕೇಳಿದ್ದಿಲ್ಲ. ಕೆಳಗಿನ ಔಷಧ ಅಂಗಡಿಯವ ಕಳ್ಳರು ಬಂದ್ರೇನೋ ಅಂತ ಶಟರ್ ಎಳದ. ಮೇಡಂ ಓಡಿ ಬಂದ್ರು. ನಾನು ಪಟ್ಟಿ ಕಿತ್ತು ಒಗದು, "ಮೇಡಂ, ಮಶೀನ್ ಕೆಟ್ಟದ" ಅಂದುಬಿಟ್ಟೆ.

ನನ್ನ ಮಾತು ನಂಬಿ ಮೇಡಂ ಮಶೀನ್ ರಿಪೇರಿಯವನ್ನ ಕರಿಸಿದ್ರು. ಅವ ಬಂದು ಬಿಚ್ಚಿ ನೋಡಿದ, ಪಟ್ಟಿ ತನ್ನ ಹಣಿಗೆ ಅಂಟಿಸಿಕೊಂಡ. ಮಶೀನ್ ಕಮಕ್ ಕಿಮಕ್ ಅನಲಿಲ್ಲ. ಮೇಡಂ ಹಣಿಗೆ ಹಚ್ಚಿದ, ಸುಮ್ಮ. "ಮಶೀನ್ ಏಕದಮ್ ಠೀಕ್ ಆಹೆ" ಅಂದ. ಮೇಡಂ ನನ್ನ ಮುಖಾ ನೋಡಿದ್ರು. ನನ್ನ ಕೈ ಪರ್ಸಿನ ಮ್ಯಾಲೆ ಹೋತು. ಏನರೆ ಹೇಳಬೇಕಲ್ಲ, "ನಮ್ಮ ಕಡೆ ಬಿಸಲಿಗೆ ಹಣಿ ಚರ್ಮ ದಪ್ಪ ಇರ್ತದ್ರಿ ಮೇಡಂ" ಅಂದೆ. ರಿಪೇರಿಯವ ಸಾಮಾನ ಚೀಲಕ್ಕ ಹಾಕ್ಕೋತ, "ನಾನೂ ಬಿಸಲಿನ ಊರಾವನ ಕಾಕೂ, ಸೊಲ್ಲಾಪುರದವ" ಅಂದ!

೪. ನಾನು ಸುಮ್ಮ ಕುಂತ ದಿನ

ಆವತ್ತು ಹೆದರಿಕಿ ಹೊಕ್ಕಿತು. ಮೇಡಂ ಕೇಳೋಕ್ಕಿಂತ ಮೊದಲ ನಾನ ಸುಧಾರಿಸಿಕೋಬೇಕು ಅಂತ ಗಟ್ಟಿ ಮಾಡಿದೆ. ಐತವಾರ ಮಧ್ಯಾಹ್ನ ಊಟ ಆದ ಮ್ಯಾಲೆ ಪಡಸಾಲಿಯೊಳಗ ಖುರ್ಚಿ ಮ್ಯಾಲೆ ಕುಂತು, ಕಣ್ಣು ಮುಚ್ಚಿ, ಮೇಡಂ ಹೇಳಿದಂಗ ಹೊಟ್ಟಿತನಕ ಉಸರು ತಗೊಳ್ಳಾಕ ಸುರು ಮಾಡಿದೆ.

ನಮ್ಮ ಮನಿಯೊಳಗ ನಾ ಸುಮ್ಮ ಕುಂತದ್ದು ಯಾರೂ ನೋಡಿಲ್ಲ. ನಮ್ಮ ಮನಿಯವರು ಈಗ ರಿಟೈರ್ ಆಗ್ಯಾರ. ಪೇಪರ್ ಕೆಳಗ ಇಟ್ಟು, "ಯಾಕ, ಏನಾತು?" ಅಂದ್ರು. ನಾ ಮಾತಾಡಲಿಲ್ಲ, ಉಸರು ಎಣಸಾಕ ಹತ್ತಿದ್ದೆ. "ಸಿಟ್ಟು ಬಂದದೇನು?" ಅಂದ್ರು. ಉಸರು ಒಳಗ, ಉಸರು ಹೊರಗ. ಎದ್ದು ಹೋಗಿ ಭಾಂಡಿ ತಿಕ್ಕಿದ ಸಪ್ಪಳ ಕೇಳಿಸ್ತು. ಮೂವತ್ತು ವರ್ಷದಾಗ ಮೊದಲ ಸಲ! ಆಮ್ಯಾಲೆ ಚಾ ತಂದು ಮುಂದ ಇಟ್ರು. ನಾ ಕಣ್ಣು ತಗೀಲಿಲ್ಲ.

ಸಣ್ಣ ದನಿಯೊಳಗ ಫೋನ್ ಮಾಡಿದ್ದೂ ಕೇಳಿಸ್ತು. ಗದಗಿನ ನಮ್ಮ ತಂಗಿಗೆ, "ನಿಮ್ಮಕ್ಕ ಮಾತಾಡವಲ್ಲಳು, ನೀ ಒಂದು ಸಲ ಕೇಳಿ ನೋಡವಾ" ಅಂತ. ಐದು ನಿಮಿಷಕ್ಕ ನನ್ನ ಫೋನ್ ಬಡಕೊಳ್ಳಾಕ ಹತ್ತಿತು. ತಂಗಿ, ನಾದಿನಿ, ತಳೇಗಾಂವದಾಗ ಕಾರಖಾನಿ ಕೆಲಸಕ್ಕಿರೋ ಮಗ, ಒಬ್ಬರ ಹಿಂದ ಒಬ್ಬರು. ನಾ ಹಟದಿಂದ ಉಸರ ಎಣಸ್ತಿದ್ದೆ. ಹಣಿ ಖರೇನ ಸಡಲ ಆಗಾಕ ಹತ್ತಿತ್ತು. ದೇವರಾಣಿ, ಆ ಹಗೂರ ನಾ ಎಷ್ಟೋ ವರ್ಷದಿಂದ ಕಂಡಿದ್ದಿಲ್ಲ.

ಅಷ್ಟರಾಗ ನಮ್ಮ ಮನಿಯವರು ಎದುರಿಗೆ ಬಂದು ಸ್ಟೂಲ್ ಹಾಕಿ ಕುಂತ್ರು. "ಹೋಗ್ಲಿ ಬಿಡು, ನಿನಗ ಗೊತ್ತಾಗೇದ ಅಂದ ಮ್ಯಾಲೆ ಹೇಳಿಬಿಡ್ತೀನಿ. ಲಿಂಬಿಕಾಯಿ ಉಪ್ಪಿನಕಾಯಿ ಭರಣಿ ಒಡದದ್ದು ಬೆಕ್ಕಲ್ಲ, ನಾನು. ಮತ್ತ ನಿನ್ನ ಕಾಕಾನ ಮಗಳ ಲಗ್ನದ ದಿನ ನನಗ ಜ್ವರ ಬಂದಿದ್ದಿಲ್ಲ."

ಮೂರು ಹೊಡಿಯೋದ್ರಾಗ ತಲಿ ಮತ್ತ ಹಿಡೀತು. ಅವತ್ತು ಆರಲ್ಲ, ಎಂಟು!

೫. ಮಾದರಿ ಪೇಶಂಟು

ಕಡೀಗೆ ಆಗಬಾರದ್ದು ಒಂದು ಶನಿವಾರ ಆತು. ಪೇಶಂಟರು ಮನಿಯಾಗ ಕೇಳಿ ಮಾಡಲಿ ಅಂತ ಮೇಡಂ ಮೈ ಸಡಲ ಬಿಡೋ ಪಾಠ ಕನ್ನಡದಾಗ ರೆಕಾರ್ಡ್ ಮಾಡಿಸೋದು ಅಂತ ಠರಾಯಿಸಿದ್ರು. ದನಿ ನನ್ನದು. ಮೇಡಂ ಬ್ಯಾಡ ಅನಬೇಕಿತ್ತು, ಆದ್ರ ಇನ್ಯಾರದಾರ? ಅವರ ಫೋನ್ ಮೇಜಿನ ಮ್ಯಾಲೆ ಚಾಲೂ ಇಟ್ಟು, ಸಾಸವಡದ ಗಂಡ ಹೆಂಡತಿ, ಬುಟ್ಟಿ ಹೊರೋ ಹೆಣ್ಮಗಳು, ಮೂರೂ ಮಂದೀನ್ನ ಪರೀಕ್ಷಾಕ್ಕ ಅಂತ ಕುಂಡ್ರಿಸಿದ್ರು.

ಮೊದಲನೇ ಸಲ ನಾ "ಕಣ್ಣ ಮುಚ್ಚರಿ" ಅನ್ನೂದಕ್ಕ ಸಾವಕಾರ್ರು ಬೆದರಿ ಎದ್ದು ನಿಂತ್ರು. ಎರಡನೇ ಸಲ ನಡುವ ದವಾಖಾನಿ ಫೋನ್ ಬಂತು, "ಈಗ ಬರಬ್ಯಾಡ್ರಿ, ಇಲ್ಲಿ ಶಾಂತಿ ನಡದದ!" ಅಂತ ಬೈದದ್ದು ರೆಕಾರ್ಡ್ ಆತು. ಮೂರನೇ ಸಲಕ್ಕ ಮೇಡಂ ಫೋನ್ ಒತ್ತಿ, "ಹಗೂರಕ, ಕಾಕೂ" ಅಂದ್ರು. ನಾ ಬಾಯಿ ತಗಿಯೋದೊಳಗ ಹೊರಗ ಕಾಯಾಕ ಕುಂತಿದ್ದ ಐಟಿಯವ ಒಳಗ ಬಂದ. ಕೈಯಾಗ ಗ್ವಾಡಿ ಮ್ಯಾಲಿನ ಮಾದರಿ ಡೈರಿ.

"ಮೇಡಂ, ಸಾರಿ. ಇದು ತುಂಬಾ ಸೀರಿಯಸ್ ಕೇಸ್. ಈ ಪೇಶಂಟ್ ಈಗ ಹೇಗಿದ್ದಾರೆ?" ಅಂದ. ಮೇಡಂಗೆ ಏನೂ ತಿಳೀಲಿಲ್ಲ. ಅದು ಸುಮ್ಮ ಮಾದರಿ ಅಂದ್ರು. "ಇಲ್ಲ ಮೇಡಂ, ಕೇಳಿ" ಅಂತ ಆ ಪುಣ್ಯಾತ್ಮ ಒಂದೊಂದ ಸಾಲು ಇಂಗ್ಲಿಷಿನ್ಯಾಗ ಓದಿ ಹೇಳಾಕ ಸುರು ಮಾಡಿದ. ನನಗ ಅಲ್ಲೇ ನೆಲ ಬಾಯಿ ಬಿಡಬಾರದಾ ಅನಿಸ್ತು. "ಮೂರು ಗಂಟೆ. ಒಂದೇ ಫೈಲ್ ಮೂರು ಸಲ ಕೇಳಿದ್ರು" ಅನ್ನೂತನಕ ಮೇಡಂ ನಗತಿದ್ರು. "ಫೈಲ್ ಅವರ ಕೈಯಲ್ಲೇ ಇತ್ತು" ಅಂದ ಕೂಡಲೆ ನಗು ನಿಂತು, ತಮ್ಮ ಕೈ ನೋಡಿಕೊಂಡ್ರು. ಅವತ್ತೂ ಕೈಯಾಗ ಫೈಲ್ ಇತ್ತು. ಕುಂಕುಮದ ಡಬ್ಬಿ ಮಾತು ಬಂದ ಕೂಡಲೆ ನನ್ನ ಕೈ ತಾನ ಪರ್ಸಿಗೆ ಹೋತು, ಎಲ್ಲಾರ ಕಣ್ಣೂ ಅದರ ಮ್ಯಾಲೆ ಬಿತ್ತು.

ಸಾಸವಡದ ಬಾಯಾರು ಹೇಳಿದ್ರು, "ನನಗ ಮೊದಲ ಸಂಶೆ ಇತ್ತು. ಈ ಡೈರಿ ಅಕ್ಷರ, ಆ ಬೋರ್ಡಿನ ಅಕ್ಷರ ಎರಡೂ ಒಂದ." ನಾ ಡಬ್ಬಿ ತಗದು ಮೇಜಿನ ಮ್ಯಾಲೆ ಇಟ್ಟೆ. ಕಣ್ಣಾಗ ನೀರು ಬಂದುಬಿಟ್ವು. "ಮೇಡಂ, ತಪ್ಪಾತು. ನಾಳಿಂದ ಬರಬ್ಯಾಡ ಅಂದ್ರೂ ನಡೀತದ" ಅಂದೆ. ಖರೇ ಹೇಳಬೇಕಂದ್ರ ನಡೀತಿದ್ದಿಲ್ಲ. ಆ ದವಾಖಾನಿ ಬಿಟ್ಟು ನನಗ ಇನ್ನೊಂದು ಜಗಾ ಗೊತ್ತಿರಲಿಲ್ಲ.

ಬಾಯಾರು ತಮ್ಮ ಕೆಂಪು ಪೆನ್ನು ತಗದು ಡೈರಿ ಕಡೆ ಕೈ ಚಾಚಿದ್ರು. ಗಂಡನ ನೋವು ಯಾವಾಗಲೂ ಇಳಿಸಿ ಬರಿಯೋ ಹೆಣ್ಮಗಳು, ಪ್ಲಾಸ್ಟಿಕ್ ಮ್ಯಾಲೇನ ಆರು ಅಂತ ಇದ್ದದ್ದನ್ನ ಹೊಡದು ಎಂಟು ಹಾಕಿದ್ರು. "ಇಷ್ಟು ವರ್ಷ ಮುಚ್ಚಿಟ್ಟೀರಿ, ಪಾಪ" ಅಂದ್ರು. ಸಾವಕಾರ್ರು ಬಾಯಿ ತಗದು ನೋಡ್ತ ಕುಂತ್ರು, ಅವರಿಗೆ ಒಂದು ಸಲನೂ ಏರಿಸಿ ಕೊಟ್ಟಿದ್ದಿಲ್ಲ.

ಮೇಡಂ ಬೈಲಿಲ್ಲ. ಪೇಶಂಟರ ಖುರ್ಚಿ ತೋರಿಸಿ, "ಕಾಕೂ, ಬಸಾ" ಅಂದ್ರು. ಕುಂತೆ. ಹಣಿಗೆ ಪಟ್ಟಿ ಹಚ್ಚಿದ್ರು, ಮಶೀನ್ ಪೀಂ ಅಂತ ಹೊಡಕೊಂಡಿತು. ಮೇಡಂ ಮೆತ್ತಗ ಮರಾಠಿಯೊಳಗ ಹೇಳಾಕ ಹತ್ತಿದ್ರು. ಆದ್ರ ಹನ್ನೊಂದು ವರ್ಷದಿಂದ ಆ ದನಿ ಕೇಳಿದ ಕೂಡಲೆ ಅದನ್ನ ಕನ್ನಡ ಮಾಡೋದು ನನ್ನ ಚಟ. ಅವರು ಒಂದು ಮಾತು ಅಂದ್ರ ನಾ ಕಣ್ಣು ಮುಚ್ಚಿಕೊಂಡ ಕನ್ನಡದಾಗ ಒದರ್ತಿದ್ದೆ. ಉಳದವರೆಲ್ಲಾ ಹೆಗಲು ಇಳಿಸ್ತಿದ್ರು, ನನ್ನ ಹೆಗಲಷ್ಟ ಕಿವಿಗೆ ಹತ್ತಿತ್ತು.

ಆಗ ಎದ್ದಳು ನೋಡ್ರಿ ಬುಟ್ಟಿ ಹೊರೋ ಹೆಣ್ಮಗಳು. ಸೆರಗು ಸಿಗಿಸಿ ನನ್ನ ಮುಂದ ನಿಂತಳು. ನನ್ನ ಪಾಠ ಆಕಿಗೆ ಬಾಯಿಪಾಠ ಆಗಿತ್ತು, ನನ್ನ ದನಿ ಸಹಿತ.

"ಏಯ್, ಬಾಯಿ ಮುಚ್ಚರಿ! ಕಣ್ಣೂ ಮುಚ್ಚರಿ! ಹಲ್ಲ ಕಚ್ಚಬ್ಯಾಡ್ರಿ, ಬಿಡ್ರಿ! ಹೆಗಲ ಕೆಳಗ! ಇನ್ನಾ ಕೆಳಗ! ಬಿಡ್ರಿ ಅಂದ್ರ ಬಿಡಬೇಕು!"

ನನ್ನ ಕಿವಿಯಾಗ ನನ್ನ ದನಿನ ಬಂದು ಹೊಡದಂಗಾತು. ಯಾರು ತಡೀತಾರ ಅದನ್ನ? ಬಿಟ್ಟೆ. ಮಶೀನ್ ದನಿ ಒಂದು ಮೆಟ್ಟಲ ಇಳೀತು. ಹೊರಗ ಫೋನ್ ಬಡಕೊಂಡಿತು, ನನ್ನ ಕೈ ತಾನ ಎದ್ದಿತು.

"ಕೈ! ಅದು ನಿಮ್ಮದಲ್ಲ ಈಗ!" ಅಂದಳು. ಕೈ ಇಳೀತು. ಆಮ್ಯಾಲೆ ಆಕಿ ನನ್ನ ತಲಿ ಮ್ಯಾಲಿಂದ ಎರಡೂ ಕೈಲೆ ಏನೋ ಎತ್ತಿ ಇಳಿಸಿದಂಗ ಮಾಡಿ, ದನಿ ತಗ್ಗಿಸಿ ಹೇಳಿದಳು, "ಬುಟ್ಟಿ ನಾ ಇಳಿಸೀನಿ ಅಕ್ಕಾರ. ಇಲ್ಲೇ ಬಾಜೂಕ ಇಟ್ಟೀನಿ. ಯಾರೂ ಒಯ್ಯಂಗಿಲ್ಲ."

ಮಶೀನ್ ಸುಮ್ಮನಾತು. ಮುಂದಿಂದು ನನಗ ನೆನಪಿಲ್ಲ.

ಸೋಮವಾರ ಮೇಡಂ ನನ್ನ ದೊಡ್ಡ ಡಾಕ್ಟರ ಕಡೆ ಕರಕೊಂಡು ಹೋದ್ರು. ಅವರು ಹೇಳಿದಂಗ ಗುಳಿಗಿ ಬಿಡಸಿದ್ರು, ಮೊದಲಿನ ಮೂರು ವಾರ ಭಾಳ ಕೆಟ್ಟು ಹೋದ್ವು. ಕೆಲಸ ಹೋಗಲಿಲ್ಲ. ಪೂರ್ತಿ ಆರಾಮ ಆಗೇದ ಅಂತ ನಾ ಸುಳ್ಳು ಹೇಳಂಗಿಲ್ಲ, ವಾರಕ್ಕೊಮ್ಮೆ ಬರ್ತದ, ಮೂರು ಬರಕೋತೀನಿ. ಡಬ್ಬಿಯೊಳಗ ಈಗ ಕುಂಕುಮ ಅದ. ಮೇಡಂ ಫೈಲ್ ಕೇಳೋದು ಬಿಟ್ಟಿಲ್ಲ, ಆದ್ರ ಕೇಳೋಕ್ಕಿಂತ ಮೊದಲ ಒಮ್ಮೆ ಕೈ ನೋಡಿಕೋತಾರ.

ಆ ಶನಿವಾರ ಗದ್ದಲದಾಗ ಮೇಡಂ ಫೋನ್ ಬಂದ್ ಮಾಡೋದು ಮರತಿದ್ರು. ಎಲ್ಲಾ ರೆಕಾರ್ಡ್ ಆಗಿತ್ತು. ಮೇಡಂ ಅಳಸ್ತೀನಿ ಅಂದ್ರು, ನಾ ಬ್ಯಾಡ ಅಂದೆ. ನನ್ನ ಅಳು, ಡೈರಿ ಮಾತು ಅಷ್ಟ ತಗಸಿ, ಆ ಹೆಣ್ಮಗಳನ್ನೂ ಕೇಳಿ, ಅದನ್ನ ಪಾಠ ಮಾಡಿದಿವಿ. ಇವತ್ತಿಗೂ ನಮ್ಮಲ್ಲಿ ಬರೋ ಕನ್ನಡದವರೆಲ್ಲಾ ಅದನ್ನ ಮನಿಗೆ ಒಯ್ತಾರ. ಬೈಸಿಕೊಂಡು ಆರಾಮ ಆಗ್ತಾರ. ಮುಂದಿನ ವಾರ ಬಂದಾಗ ಎಲ್ಲಾರೂ ಒಂದ ಮಾತು ಕೇಳ್ತಾರ, "ಪಾಠ ಭಾಳ ಛಲೋ ಅದ್ರಿ ಬಾಯಾರ. ಆದ್ರ ಕಡೀಗೆ ಹದಿನೈದು ನಿಮಿಷ ಒಂದ ಸವನೆ ಗೊರಕಿ ಹೊಡೀತಾರಲ್ರಿ, ಅದು ಯಾರು?"

ನಾ ಫೈಲಿನಿಂದ ತಲಿ ಎತ್ತದ ಹೇಳ್ತೀನಿ, "ಮಾದರಿ ಪೇಶಂಟ್ರಿ. ನೀವೂ ಹಂಗ ಮಾಡ್ರಿ!"